ತೆಳುವಾದ ಎಳೆಯ ಬಲ

೧೯೩೩ನೆಯ ಇಸವಿಯಲ್ಲಿ ಗದಗಿನ ಶಾಲಾಮಾಸ್ತರರೊಬ್ಬರ ಮಗನು ಮನೆ ಬಿಟ್ಟು ಹೊರಟನು. ಆಗ ಅವನಿಗೆ ಹನ್ನೊಂದು ವರ್ಷ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿದಂದಿನಿಂದ ತಾನೂ ಹಾಗೆ ಹಾಡಬೇಕು, ಹಾಡಲು ಕಲಿಸುವ ಗುರು ಬೇಕು ಎಂಬ ಹಂಬಲ ಅವನನ್ನು ಹಿಡಿದಿತ್ತು. ಗ್ವಾಲಿಯರ, ರಾಮಪುರ, ಕಲಕತ್ತಾ ಎಂದು ಅಲೆದಲೆದು ಕೊನೆಗೆ ಪಂಜಾಬದ ಜಾಲಂಧರವನ್ನು ಸೇರಿದನು. ಅಲ್ಲಿಯ ಸಂಗೀತೋತ್ಸವಕ್ಕೆ ಬಂದಿದ್ದ ವಿನಾಯಕರಾವ ಪಟವರ್ಧನರು ಈ ಬಾಲಕನ ಊರನ್ನು ಕೇಳಿ ಆಶ್ಚರ್ಯಪಟ್ಟರು; ಇಷ್ಟು ದೂರ ಬರುವ ಕಾರಣವೇನು, ನಿಮ್ಮ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂದು ಹೇಳಿದರು. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು ಅವರು, ಆ ಅಬ್ದುಲ್ ಕರೀಂ ಖಾನರದೇ ಶಿಷ್ಯರು. ಗದಗಿನಿಂದ ಕುಂದಗೋಳಕ್ಕೆ ನೂರು ಕಿಲೋಮೀಟರು ಕೂಡ ಇಲ್ಲ. ೧೯೩೬ರಲ್ಲಿ ಅವರು ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಭೀಮಸೇನ ಜೋಶಿಯವರ ಸಂಗೀತಜೀವನ ಆರಂಭವಾದದ್ದು ಹೀಗೆ.

ಈ ಕಥೆಯನ್ನು ನಮ್ಮ ಕಡೆಯವರು ಅಭಿಮಾನದಿಂದ ಹೇಳುತ್ತಾರೆ. ಆದರೆ ಇದರೊಳಗೆ ವಿಜ್ಞಾನದ ಒಂದು ಪ್ರಶ್ನೆಯೂ ಅಡಗಿದೆ. ಮನೆಯ ಹತ್ತಿರದ ಗುರುವಿನ ದಾರಿಯನ್ನು ತೋರಿಸಿದವರು ಮನೆಯವರಲ್ಲ, ಓಣಿಯವರಲ್ಲ, ಸಾವಿರಾರು ಮೈಲು ಸುತ್ತಿದ ಮೇಲೆ ಸಿಕ್ಕ ಅಲ್ಪಪರಿಚಯದ ಒಬ್ಬ ಗೃಹಸ್ಥರು. ಇದು ಆಕಸ್ಮಿಕವೊ, ಅಥವಾ ಸುದ್ದಿಯು ಹರಿಯುವ ರೀತಿಯಲ್ಲಿಯೇ ಏನಾದರೊಂದು ನಿಯಮವಿದೆಯೊ?

ನಿಯಮವಿದೆ ಎಂದು ಮೊದಲು ಸ್ಪಷ್ಟವಾಗಿ ವಾದಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮಾರ್ಕ್ ಗ್ರಾನೊವೆಟರ್. ಅವರ ಪ್ರಬಂಧವು ಪ್ರಕಟವಾದದ್ದು ೧೯೭೩ರಲ್ಲಿ. ವಾದ ಸರಳವಾಗಿದೆ. ನಿಮಗೆ ಇಬ್ಬರು ಆಪ್ತಮಿತ್ರರಿದ್ದರೆ ಅವರಿಬ್ಬರಿಗೂ ತಮ್ಮತಮ್ಮಲ್ಲಿ ಪರಿಚಯವಿರುವ ಸಂಭವ ಹೆಚ್ಚು. ಆಪ್ತರೆಲ್ಲರೂ ಹೀಗೆ ಒಬ್ಬರಿಗೊಬ್ಬರು ಹೆಣೆದುಕೊಂಡಿರುವುದರಿಂದ ಒಬ್ಬನಿಗೆ ಗೊತ್ತಾದದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಹೊಸ ಸುದ್ದಿಯು ಬರಬೇಕಾದರೆ ಆ ಗುಂಪಿನ ಹೊರಗೆ ಒಂದು ಕಾಲಿಟ್ಟವನು ಬೇಕು. ಅವನು ಸಾಮಾನ್ಯವಾಗಿ ನಿಮ್ಮ ಆಪ್ತನಾಗಿರುವುದಿಲ್ಲ, ವರ್ಷಕ್ಕೆ ಎರಡು ಸಲ ಎದುರಾದಾಗ ನಮಸ್ಕಾರ ಮಾಡುವವನಾಗಿರುತ್ತಾನೆ.

ಕುಂದಗೋಳದ ಎರೆಭೂಮಿಯಲ್ಲಿ ಮೆಣಸಿನಕಾಯಿ ಬೆಳೆದ ರೈತನನ್ನು ತೆಗೆದುಕೊಳ್ಳಿರಿ. ಬ್ಯಾಡಗಿಯ ಪೇಟೆಯಲ್ಲಿ ಇಂದು ಧಾರಣೆ ಏನಾಯಿತು ಎಂದು ಅವನು ಅಣ್ಣತಮ್ಮಂದಿರನ್ನು ಕೇಳಿದರೆ ತನಗೆ ಗೊತ್ತಿದ್ದುದನ್ನೇ ತಿರುಗಿ ಕೇಳಿದಂತಾಗುವುದು. ನಿನ್ನೆ ರಾತ್ರಿ ಬ್ಯಾಡಗಿಯಿಂದ ಬಂದ ಲಾರಿಯ ಚಾಲಕನನ್ನು ಕೇಳಿದರೆ ಕೆಲಸವಾಗುವುದು. ಚಾಲಕನು ಅವನ ಬಂಧುವಲ್ಲ, ಕಷ್ಟದಲ್ಲಿ ಸಾಲ ಕೊಡುವವನೂ ಅಲ್ಲ. ಆದರೆ ಅವನ ಕಿವಿಗೆ ಬೀಳುವ ಮಾತುಗಳೇ ಬೇರೆ.

ಗ್ರಾನೊವೆಟರ್ ಅವರು ಇದನ್ನು ಬರಿಯ ತರ್ಕದ ಮೇಲೆ ಬಿಡಲಿಲ್ಲ. ಬೋಸ್ಟನ್ ನಗರದ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ದೊರಕಿಸಿಕೊಂಡವರನ್ನು ಕಂಡು, ಆ ಪರಿಚಿತರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಅಡಿಗಡಿಗೆ, ಎಂದರೆ ವಾರಕ್ಕೆ ಎರಡು ಸಲವಾದರೂ, ಎಂದು ಹೇಳಿದವರು ನೂರಕ್ಕೆ ೧೬.೭ ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ೫೫.೬. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ೨೭.೮. ಪ್ರಶ್ನೆಗೆ ಉತ್ತರ ಕೊಟ್ಟವರ ಸಂಖ್ಯೆ ಚಿಕ್ಕದು, ಊರೂ ಒಂದೇ. ಆದಕಾರಣ ಇದನ್ನು ಸಿದ್ಧಾಂತದ ಕೊನೆಯ ಪ್ರಮಾಣವೆಂದು ಯಾರೂ ಭಾವಿಸಲಿಲ್ಲ.

ಮುಂದಿನ ಹೆಜ್ಜೆಯನ್ನಿಟ್ಟವರು ಗಣಿತಜ್ಞರು. ೧೯೯೮ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಸ್ ಎಂಬವರು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ವಾಟ್ಸ್ ಈ ಕೆಲಸವನ್ನು ಆರಂಭಿಸಿದ್ದು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ರಾತ್ರಿಯ ಹೊತ್ತು ಚಿಮ್ಮುಂಡೆಗಳು ಒಂದೇ ತಾಳಕ್ಕೆ ಕೂಗುವುದು ಹೇಗೆ, ಯಾವ ಹುಳು ಯಾವ ಹುಳುವಿಗೆ ಕಿವಿಗೊಡುತ್ತದೆ ಎಂದು ಯೋಚಿಸುತ್ತ ಅವರು ಮನುಷ್ಯರ ಜಾಲಗಳಿಗೆ ಬಂದು ತಲುಪಿದರು! ಅವರ ಮಾದರಿಯನ್ನು ನೀವೂ ಕಾಗದದ ಮೇಲೆ ಬರೆದು ನೋಡಬಹುದು.

೧,೦೦೦ ಮಂದಿಯನ್ನು ಒಂದು ದೊಡ್ಡ ವರ್ತುಲದಲ್ಲಿ ಕೂಡ್ರಿಸಿರಿ. ಪ್ರತಿಯೊಬ್ಬನಿಗೂ ಎಡಗಡೆಯ ಐವರು, ಬಲಗಡೆಯ ಐವರು, ಒಟ್ಟು ಹತ್ತು ಮಂದಿ ಮಾತ್ರ ಪರಿಚಿತರು. ಈಗ ಒಂದು ಚೀಟಿಯನ್ನು ಪರಿಚಿತರಿಂದ ಪರಿಚಿತರಿಗೆ ದಾಟಿಸಬೇಕು. ಒಂದು ಸಲಕ್ಕೆ ಅದು ಹೆಚ್ಚೆಂದರೆ ಐದು ಸ್ಥಾನ ಸರಿಯಬಲ್ಲದು. ಸರಿಯಾಗಿ ಎದುರಿಗೆ ಕುಳಿತವನು ೫೦೦ ಸ್ಥಾನ ದೂರ. ಅವನನ್ನು ಮುಟ್ಟಲು ೧೦೦ ಕೈಗಳು ಬೇಕು. ಯಾರಾದರೂ ಇಬ್ಬರ ನಡುವಣ ಸರಾಸರಿ ಲೆಕ್ಕ ಹಾಕಿದರೆ ಸುಮಾರು ೫೦ ಬರುವುದು. ಈ ವರ್ತುಲದಲ್ಲಿರುವ ಎಳೆಗಳು ಒಟ್ಟು ೫,೦೦೦. ಅವುಗಳಲ್ಲಿ ನೂರಕ್ಕೆ ಒಂದರಂತೆ, ಎಂದರೆ ೫೦ ಎಳೆಗಳನ್ನು ಮಾತ್ರ ಒಂದು ತುದಿಯಿಂದ ಬಿಚ್ಚಿ, ಮನಬಂದ ಕಡೆಗೆ, ವರ್ತುಲದ ಅಡ್ಡಲಾಗಿ, ಕಟ್ಟಿರಿ. ಉಳಿದ ೪,೯೫೦ ಎಳೆಗಳು ಹಾಗೆಯೇ ಇರಲಿ. ಸರಾಸರಿ ದೂರವು ಒಮ್ಮೆಲೆ ಮೊದಲಿನ ಐದನೆಯ ಒಂದಂಶದ ಸುಮಾರಿಗೆ ಇಳಿದುಬಿಡುವುದು. ನೆರೆಹೊರೆಯ ಕೂಟಗಳು ಮಾತ್ರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಊರು ಊರಾಗಿಯೇ ಉಳಿದು ಜಗತ್ತು ಚಿಕ್ಕದಾಗುವುದು. ಕಂಪ್ಯೂಟರಿನಲ್ಲಿ ಕಾರ್ಯಕ್ರಮ ಬರೆಯಬಲ್ಲ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಒಂದು ಸಂಜೆಯಲ್ಲಿ ಮಾಡಿ ನೋಡಬಹುದು. ಫಲಿತಾಂಶವು ಕಣ್ಣೆದುರು ಬಂದಾಗ ಆಗುವ ಸಂತೋಷ ಓದಿ ತಿಳಿದಾಗ ಆಗುವುದಿಲ್ಲ.

ಕಿರಾಣೆಯ ಗವಾಯಿಯಾದ ಅಬ್ದುಲ್ ಕರೀಂ ಖಾನರು ಮೈಸೂರಿನ ಅರಮನೆಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದುದು ಇಂಥ ಒಂದು ಅಡ್ಡ ಎಳೆ. ಅದೊಂದು ಎಳೆಯ ಫಲವಾಗಿ ಉತ್ತರ ಹಿಂದುಸ್ಥಾನದ ಗಾಯನವು ಕುಂದಗೋಳಕ್ಕೆ ಬಂದಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಅದನ್ನು ಕಲಿಯಲು ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುವಂತಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಈಗ ಅಡ್ಡ ಎಳೆಗಳನ್ನು ಕಟ್ಟುವುದಕ್ಕೆಂದೇ ಜಾಲತಾಣಗಳು ಇವೆ. ಉದ್ಯೋಗಸ್ಥರ ಪರಿಚಯಕ್ಕಾಗಿ ೨೦೦೩ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಎಂಬುದು ಅವುಗಳಲ್ಲಿ ದೊಡ್ಡದು. ೨೦೨೩ರಲ್ಲಿ ಅದರ ಸದಸ್ಯರ ಸಂಖ್ಯೆ ನೂರು ಕೋಟಿಯನ್ನು ದಾಟಿತೆಂದು ಆ ಸಂಸ್ಥೆಯು ಸಾರಿತು. ಇಲ್ಲಿ ವಿದ್ಯಾರ್ಥಿಯು ತನ್ನ ಓದು, ಕೆಲಸ, ಆಸಕ್ತಿಗಳನ್ನು ಬರೆದಿಡುತ್ತಾನೆ. ಇತರರಿಗೆ ಪರಿಚಯದ ಕೋರಿಕೆ ಕಳಿಸುತ್ತಾನೆ. ನಿಮಗೆ ಇಂಥವರು ಪರಿಚಿತರಿರಬಹುದು ಎಂದು ಯಂತ್ರವೂ ಸೂಚಿಸುತ್ತಿರುತ್ತದೆ. ಗ್ರಾನೊವೆಟರ್ ಅವರ ಮಾತನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಈ ಸೂಚನೆಗಳ ಮೂಲಕವೇ. ೨೦೧೫ರಿಂದ ೨೦೧೯ರವರೆಗೆ ಎರಡು ಕೋಟಿ ಸದಸ್ಯರಿಗೆ ಬೇರೆಬೇರೆ ಬಗೆಯ ಸೂಚನೆಗಳನ್ನು, ನಾಣ್ಯ ಚಿಮ್ಮಿದಂತೆ ಯಾದೃಚ್ಛಿಕವಾಗಿ ಹಂಚಿ ತೋರಿಸಲಾಯಿತು. ಆ ಅವಧಿಯಲ್ಲಿ ಇನ್ನೂರು ಕೋಟಿ ಹೊಸ ಪರಿಚಯಗಳಾದವು, ಆರು ಲಕ್ಷ ಮಂದಿಯ ಹೊಸ ಉದ್ಯೋಗಗಳು ಲೆಕ್ಕಕ್ಕೆ ಸಿಕ್ಕವು. ವರದಿಯು ೨೦೨೨ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ತಮ್ಮ ಮೇಲೆ ಪ್ರಯೋಗ ನಡೆದಿದೆ ಎಂಬುದು ಆ ಎರಡು ಕೋಟಿ ಜನರಿಗೆ ಬೇರೆಯಾಗಿ ತಿಳಿಸಿರಲಿಲ್ಲ; ಈ ಬಗ್ಗೆ ಆಕ್ಷೇಪಗಳು ಎದ್ದವು, ಏಳುವುದು ನ್ಯಾಯವೇ ಸರಿ ಎಂದು ನನ್ನ ಅಭಿಪ್ರಾಯ. ಒಬ್ಬನ ಅನ್ನದ ದಾರಿಯನ್ನು ನಾಣ್ಯ ಚಿಮ್ಮಿ ನಿರ್ಧರಿಸುವಾಗ ಅವನನ್ನು ಒಂದು ಮಾತು ಕೇಳಬಾರದೆ?

ಫಲಿತಾಂಶ ಮಾತ್ರ ಸ್ವಾರಸ್ಯವುಳ್ಳದ್ದು. ಹೊಸ ಉದ್ಯೋಗ ತರುವುದರಲ್ಲಿ ಬಲವಾದ ಎಳೆಗಳು ಎಲ್ಲಕ್ಕೂ ಹಿಂದೆ ಉಳಿದವು. ಆದರೆ ಇಬ್ಬರಿಗೂ ಸಮಾನರಾದ ಪರಿಚಿತರು ಎಷ್ಟು ಎಂದು ಎಣಿಸಿ ಎಳೆಯ ಬಲವನ್ನು ಅಳೆದಾಗ, ತೀರ ತೆಳುವಾದ ಎಳೆಯೂ ಉತ್ತಮವಾಗಲಿಲ್ಲ. ಸಮಾನ ಪರಿಚಿತರು ಸುಮಾರು ಹತ್ತು ಮಂದಿ ಇರುವಲ್ಲಿ ಉಪಯೋಗ ಹೆಚ್ಚು. ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ಇಳಿತ. ರೇಖಾಚಿತ್ರ ಬರೆದರೆ ಅದು ಬೋರಲು ಹಾಕಿದ ಬಟ್ಟಲಿನಂತೆ ಕಾಣುವುದು.

ಭೌತಶಾಸ್ತ್ರ ಓದುವವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಉಷ್ಣವು ಹರಿಯಬೇಕಾದರೆ ಎರಡು ಸಂಗತಿಗಳು ಬೇಕು: ತಾಪಮಾನದ ಅಂತರ ಮತ್ತು ನಡುವೆ ಒಂದು ವಾಹಕ. ಒಂದೇ ತಾಪದ ಎರಡು ತಾಮ್ರದ ತುಂಡುಗಳನ್ನು ಎಷ್ಟು ಬಿಗಿಯಾಗಿ ಒತ್ತಿ ಹಿಡಿದರೂ ಉಷ್ಣವು ಒಂದರಿಂದ ಇನ್ನೊಂದಕ್ಕೆ ಹರಿಯದು. ಕಾದ ತುಂಡು ಒಂದೆಡೆ, ತಣ್ಣಗಿನದು ಇನ್ನೊಂದೆಡೆ ಇದ್ದು ನಡುವೆ ಬೆಂಡು ಇದ್ದರೆ, ಅಂತರ ಇದ್ದೂ ಪ್ರಯೋಜನವಿಲ್ಲ. ಆಪ್ತಮಿತ್ರರ ನಡುವೆ ವಾಹಕವಿದೆ, ಅಂತರವಿಲ್ಲ. ಮುಖವೇ ಕಾಣದ ಅಪರಿಚಿತನ ಮತ್ತು ನಿಮ್ಮ ನಡುವೆ ಅಂತರವಿದೆ, ವಾಹಕವಿಲ್ಲ. ಹಾಗಾದರೆ ವಾಹಕವನ್ನು ಒದಗಿಸುವುದು ಹೇಗೆ?

ಕೋರಿಕೆಯ ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಅದು ಒದಗುವುದಿಲ್ಲ. ಇಲ್ಲಿಯೇ ನಮ್ಮ ವಿದ್ಯಾರ್ಥಿಗಳು ಎಡವುವರು. ಲಿಂಕ್ಡ್‌ಇನ್ ೩೦,೦೦೦ ಪರಿಚಯಗಳವರೆಗೆ ಅವಕಾಶ ಕೊಡುತ್ತದೆ. ಅಷ್ಟು ಬೇಡ, ೫೦೦ ಮಂದಿ ಎಂದೇ ಇಟ್ಟುಕೊಳ್ಳೋಣ. ವರ್ಷದಲ್ಲಿ ಒಬ್ಬೊಬ್ಬರಿಗೆ ಅರ್ಧ ತಾಸು ಕೊಟ್ಟರೂ ೨೫೦ ತಾಸುಗಳು ಬೇಕು. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಅಷ್ಟು ಸಮಯವೆಲ್ಲಿ? ಪರಿಚಯಗಳ ಪಟ್ಟಿ ಉದ್ದವಾದಷ್ಟೂ ಪ್ರತಿಯೊಂದೂ ಬೆಂಡಾಗುತ್ತ ಹೋಗುವುದು. ಐದು ನೂರರ ಬದಲು ಹದಿನೈದು ಮಂದಿಯನ್ನು ಆರಿಸಿಕೊಂಡವನು ಹೆಚ್ಚು ಲೆಕ್ಕ ಬಲ್ಲವನು.

ವಾಹಕವೆಂದರೆ ಏನೆಂಬುದಕ್ಕೆ ನಮ್ಮ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. ೧೯೨೪ರ ಜೂನ್ ೪ರಂದು ಢಾಕಾ ವಿಶ್ವವಿದ್ಯಾಲಯದ ಅಧ್ಯಾಪಕರಾದ ಸತ್ಯೇಂದ್ರನಾಥ ಬೋಸರು ಐನ್‌ಸ್ಟೈನರಿಗೆ ಒಂದು ಪತ್ರ ಬರೆದರು. ಇಬ್ಬರೂ ಮುಖಾಮುಖಿ ಕಂಡವರಲ್ಲ. ಬೋಸರು ಪತ್ರದಲ್ಲಿ ಕೆಲಸ ಕೇಳಲಿಲ್ಲ, ಶಿಫಾರಸು ಬೇಡಲಿಲ್ಲ. ಪ್ಲಾಂಕರ ನಿಯಮವನ್ನು ಹೊಸ ರೀತಿಯಲ್ಲಿ ಸಾಧಿಸಿದ ತಮ್ಮ ಲೇಖನವನ್ನು ಜೊತೆಗಿಟ್ಟರು. ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸುವ ಏರ್ಪಾಡು ಮಾಡಬೇಕೆಂದು ಕೋರಿದರು. ಸಾಪೇಕ್ಷತಾವಾದದ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಲು ಕಲಕತ್ತೆಯಿಂದ ಹಿಂದೆ ಅಪ್ಪಣೆ ಕೇಳಿದ್ದುದನ್ನು ನೆನಪಿಸಿ, ಅದರಲ್ಲಿ ಒಂದನ್ನು ಅನುವಾದಿಸಿದವನು ತಾನೇ ಎಂದೂ ಸೂಚಿಸಿದರು. ಐನ್‌ಸ್ಟೈನರು ಲೇಖನವನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಣೆಗೆ ಕಳಿಸಿದರು. ಅವರ ಕೈಬರಹದ ಒಂದು ಅಂಚೆಕಾರ್ಡನ್ನು ತೋರಿಸಿದ್ದರಿಂದ ಬೋಸರಿಗೆ ಯುರೋಪಿಗೆ ಹೋಗಲು ವಿಶ್ವವಿದ್ಯಾಲಯದ ರಜೆಯು ಸುಲಭವಾಗಿ ದೊರೆಯಿತು. ಪತ್ರದ ರಚನೆಯನ್ನು ಗಮನಿಸಿರಿ: ನಿಮ್ಮ ಕೆಲಸವನ್ನು ನಾನು ಓದಿದ್ದೇನೆ, ಇದು ನಾನು ಮಾಡಿದ ಕೆಲಸ, ಇದೊಂದು ಉಪಕಾರ ಬೇಕು. ಇಷ್ಟೇ.

ಕುಂದಗೋಳದ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ಹೇಗೆ ಅನುಸರಿಸಬಹುದು? ಅವಳ ಹೊಲದ ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ ಹತ್ತು ಬಿರುಕುಗಳ ಅಗಲ, ಆಳಗಳನ್ನು ಅಳತೆಪಟ್ಟಿಯಿಂದ ಅಳೆದು ಕೋಷ್ಟಕ ಮಾಡಿದಳೆನ್ನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ, ಹೈದರಾಬಾದಿನಲ್ಲಾಗಲಿ ಮಣ್ಣಿನ ಭೌತಶಾಸ್ತ್ರ ಬಲ್ಲವರೊಬ್ಬರನ್ನು ಜಾಲತಾಣದಲ್ಲಿ ಹುಡುಕಿ, ಅವರ ಒಂದು ಲೇಖನವನ್ನಾದರೂ ಓದಿ, ಆ ಕೋಷ್ಟಕವನ್ನು ಕಳಿಸಿ, ನನ್ನ ಅಳತೆಯಲ್ಲಿ ಏಪ್ರಿಲ್ ನಂತರ ಅಗಲ ನಿಂತು ಆಳ ಮಾತ್ರ ಹೆಚ್ಚುತ್ತಿದೆ, ಕಾರಣವೇನು ಎಂದು ಕೇಳಿದರೆ ಉತ್ತರ ಬರುವ ಸಂಭವ ಬಹಳ. ಏತಕ್ಕೆಂದರೆ ಆ ವಿಜ್ಞಾನಿಯ ಬಳಿ ಇಲ್ಲದ ಒಂದು ವಸ್ತು ಅವಳ ಬಳಿ ಇದೆ: ಆ ಹೊಲದ ಅಳತೆ. ಅದರ ಬದಲು, ನಿಮ್ಮ ಪರಿಚಯವನ್ನು ಬಯಸುತ್ತೇನೆ ಎಂಬ ಯಂತ್ರವೇ ಬರೆದುಕೊಟ್ಟ ಸಾಲನ್ನು ಕಳಿಸಿದರೆ ಅದು ಅಂಥ ನೂರು ಸಾಲುಗಳಲ್ಲಿ ಒಂದಾಗುವುದು. ಇಂಗ್ಲಿಷು ತಪ್ಪಾದೀತೆಂಬ ಅಂಜಿಕೆ ನಮ್ಮ ಭಾಗದ ಮಕ್ಕಳನ್ನು ಬಹಳ ಕಾಡುತ್ತದೆ. ಕೋಷ್ಟಕಕ್ಕೆ ವ್ಯಾಕರಣ ಬೇಕಿಲ್ಲ. ಕನ್ನಡ ಬಲ್ಲವರಿಗೆ ಕನ್ನಡದಲ್ಲಿಯೇ ಬರೆಯಲು ಸಂಕೋಚವೂ ಬೇಡ.

ಒಂದು ಎಚ್ಚರಿಕೆ. ಅಡ್ಡ ಎಳೆಯ ಮೂಲಕ ಸುದ್ದಿಯಂತೆ ಮೋಸವೂ ಬರುತ್ತದೆ. ನೌಕರಿ ಕೊಡಿಸುವೆನೆಂದು ಮೊದಲು ಹಣ ಕೇಳುವವನು, ಆಧಾರ್ ಮತ್ತು ಬ್ಯಾಂಕಿನ ವಿವರ ಬೇಡುವವನು ಎಷ್ಟೇ ದೊಡ್ಡ ಸಂಸ್ಥೆಯ ಹೆಸರು ಹೇಳಲಿ, ಅಲ್ಲಿಗೆ ಮಾತು ನಿಲ್ಲಿಸತಕ್ಕದ್ದು. ಇಂಥಲ್ಲಿ ಉಪಯೋಗಕ್ಕೆ ಬರುವುದು ಬಲವಾದ ಎಳೆಗಳೇ. ಮನೆಯಲ್ಲಿ ಅಕ್ಕನಿಗೋ, ಕಾಲೇಜಿನಲ್ಲಿ ಗುರುಗಳಿಗೋ ಒಮ್ಮೆ ತೋರಿಸಿರಿ.

ಬಲವಾದ ಎಳೆಗಳನ್ನು ಹಗುರವಾಗಿ ಕಾಣಲು ಬೇರೆ ಕಾರಣವೂ ಇಲ್ಲ. ೨೦೨೨ರ ಆ ವರದಿಯೇ ಹೇಳುವಂತೆ, ಗಣಕಯಂತ್ರಗಳನ್ನು ಹೆಚ್ಚಾಗಿ ಬಳಸುವ ಉದ್ಯಮಗಳಲ್ಲಿ ತೆಳು ಎಳೆಗಳು ಹೆಚ್ಚು ಫಲ ಕೊಟ್ಟರೆ, ಅವುಗಳ ಬಳಕೆ ಕಡಿಮೆಯಿರುವಲ್ಲಿ ಬಲವಾದ ಎಳೆಗಳೇ ಮೇಲಾದವು. ಅಲ್ಲದೆ ಪಟವರ್ಧನರ ಮಾತು ಭೀಮಸೇನರಿಗೆ ದಾರಿಯನ್ನು ತೋರಿಸಿತು, ಹಾಡಲು ಕಲಿಸಲಿಲ್ಲ. ಕಲಿಕೆಯು ಗುರುವಿನ ಮನೆಯಲ್ಲಿದ್ದುಕೊಂಡು, ೧೯೪೦ರವರೆಗೆ, ದಿನದಿನದ ಸಾಧನೆಯಿಂದ ಆಯಿತು.

ಪತ್ರಕ್ಕೆ ಉತ್ತರ ಬಾರದಿರುವುದೂ ಉಂಟು. ಐನ್‌ಸ್ಟೈನರಿಗೆ ಕಳಿಸುವ ಮೊದಲು ಬೋಸರು ಆ ಲೇಖನವನ್ನು ಲಂಡನ್ನಿನ ಪತ್ರಿಕೆಯೊಂದಕ್ಕೆ ಕಳಿಸಿದ್ದರು. ಅಲ್ಲಿ ಅದು ಪ್ರಕಟವಾಗಲಿಲ್ಲ. ತಿಂಗಳೊಪ್ಪತ್ತು ಕಾದು, ಅಷ್ಟರಲ್ಲಿ ಮಾಡಿದ ಹೊಸ ಅಳತೆಗಳನ್ನು ಸೇರಿಸಿ ಇನ್ನೊಮ್ಮೆ ಬರೆಯಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಅದೇ ಕೋಷ್ಟಕವನ್ನು ಪಟ್ಟಿಯಲ್ಲಿಯ ಎರಡನೆಯ ಹೆಸರಿಗೆ ಕಳಿಸಿರಿ.