ಕ್ಲೈಡ್ ನಾರ್ತ್‌ಗೆ ಬಂದ ಮೊದಲ ಆರು ತಿಂಗಳು: ಲೈಸೆನ್ಸ್ ಮಾಡಿಸಿಕೊಳ್ಳುವ ದಾರಿ

ಮೆಲ್ಬರ್ನ್ ನಗರದ ಆಗ್ನೇಯಕ್ಕೆ, ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಕ್ಲೈಡ್ ನಾರ್ತ್‌ನಲ್ಲಿ ರೈಲು ನಿಲ್ದಾಣವಿಲ್ಲ. ಬೆರಿಕ್‌ಗೋ ಕ್ರ್ಯಾನ್‌ಬರ್ನ್‌ಗೋ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಮೊನ್ನೆ ಮೊನ್ನೆಯವರೆಗೂ ಹೊಲ, ಹುಲ್ಲುಗಾವಲುಗಳಿದ್ದ ಜಾಗ ಇದು. 2021ರ ಜನಗಣತಿಯ ಹೊತ್ತಿಗೆ 31 ಸಾವಿರಕ್ಕೂ ಹೆಚ್ಚು ಜನ ಇಲ್ಲಿ ನೆಲೆಸಿದ್ದರು. ಮನೆಗಳು ಎದ್ದ ವೇಗದಲ್ಲಿ ಬಸ್ಸು, ರೈಲು ಬರಲಿಲ್ಲ. ಆಸ್ಪತ್ರೆ ಬೇಕೆಂದರೆ ಬೆರಿಕ್‌ನ ಕೇಸಿ ಹಾಸ್ಪಿಟಲ್, ದಿನಸಿ ಬೇಕೆಂದರೆ ಡ್ಯಾಂಡೆನಾಂಗ್‌ನ ಫಾಸ್ಟರ್ ಸ್ಟ್ರೀಟ್, ಹಬ್ಬದ ದಿನ ಪೂಜೆಗೆಂದರೆ ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನ. ಎಲ್ಲದಕ್ಕೂ ಕಾರು ಬೇಕು.

ಹೊಸದಾಗಿ ಬಂದ ಬಹಳಷ್ಟು ಮನೆಗಳಲ್ಲಿ ಕೆಲಸಕ್ಕೆ ಹೋಗುವವರೊಬ್ಬರು ಮೊದಲು ಲೈಸೆನ್ಸ್ ಮಾಡಿಸಿಕೊಳ್ಳುತ್ತಾರೆ. ಇನ್ನೊಬ್ಬರದ್ದು ‘ಆಮೇಲೆ ನೋಡೋಣ’ ಎಂದು ಮುಂದಕ್ಕೆ ಹೋಗುತ್ತದೆ. ಕಾರು ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿದವರು, ಹೆಚ್ಚಾಗಿ ಹೆಂಗಸರು, ಮಗುವಿಗೆ ಜ್ವರ ಬಂದರೂ ಫೋನ್ ಮಾಡಿ ಕಾಯಬೇಕು. ಕೆಲಸ ಹುಡುಕೋಣವೆಂದರೂ ಜಾಹೀರಾತಿನಲ್ಲಿ ಲೈಸೆನ್ಸ್ ಇರಲೇಬೇಕೆಂಬ ಮಾತು ಎದುರಾಗುತ್ತದೆ. ಅದಕ್ಕೇ ಈ ಲೇಖನದ ಮೊದಲ ಸಲಹೆ ಇದು: ಮನೆಯ ದೊಡ್ಡವರಿಬ್ಬರೂ ಮೊದಲ ತಿಂಗಳಲ್ಲೇ, ಒಟ್ಟಿಗೇ ಶುರು ಮಾಡಿ.

ಆರು ತಿಂಗಳ ಲೆಕ್ಕ

ಮೆಲ್ಬರ್ನ್ ಇರುವುದು ವಿಕ್ಟೋರಿಯ ರಾಜ್ಯದಲ್ಲಿ. ಇಲ್ಲಿ ಲೈಸೆನ್ಸ್ ಕೊಡುವ ಕಚೇರಿ ವಿಕ್‌ರೋಡ್ಸ್. ಪರ್ಮನೆಂಟ್ ವೀಸಾ ಹಿಡಿದು ಬಂದವರು ದೇಶಕ್ಕೆ ಕಾಲಿಟ್ಟ ದಿನದಿಂದ ಆರು ತಿಂಗಳವರೆಗೆ ಊರಿನ ಲೈಸೆನ್ಸ್‌ನಲ್ಲೇ ಗಾಡಿ ಓಡಿಸಬಹುದು. ಇಲ್ಲಿದ್ದಾಗಲೇ ಪರ್ಮನೆಂಟ್ ವೀಸಾ ಸಿಕ್ಕಿದವರಿಗೆ ಅದು ಸಿಕ್ಕ ದಿನದಿಂದ ಲೆಕ್ಕ ಶುರು. ಟೆಂಪರರಿ ವೀಸಾದಲ್ಲಿರುವ ವಿದ್ಯಾರ್ಥಿಗಳು, ಕೆಲಸಗಾರರು ಮೊದಲೆಲ್ಲ ವೀಸಾ ಇರುವಷ್ಟು ಕಾಲ ಊರಿನ ಲೈಸೆನ್ಸ್‌ನಲ್ಲೇ ಓಡಿಸಬಹುದಿತ್ತು. 2023ರಲ್ಲಿ ಆ ನಿಯಮ ಬದಲಾಯಿತು. ಈಗ ಅವರೂ ಆರು ತಿಂಗಳೊಳಗೆ ಇಲ್ಲಿನ ಲೈಸೆನ್ಸ್ ಪಡೆಯಬೇಕು. ಹಳೆಯ ಸ್ನೇಹಿತರು ‘ನಾನು ನಾಲ್ಕು ವರ್ಷ ಇಂಡಿಯನ್ ಲೈಸೆನ್ಸಲ್ಲೇ ಓಡಿಸಿದೆ’ ಎಂದರೆ ಅದು ಅವರ ಕಾಲದ ಮಾತು ಎಂದುಕೊಳ್ಳಿ.

ಆರು ತಿಂಗಳು ದಾಟಿದ ಮೇಲೆ ಸ್ಟೀರಿಂಗ್ ಹಿಡಿದರೆ, ಕಾನೂನಿನ ಕಣ್ಣಿಗೆ ಅದು ಲೈಸೆನ್ಸೇ ಇಲ್ಲದೆ ಓಡಿಸಿದಂತೆ. ದಂಡವಂತೂ ಇದೆ. ಅದಕ್ಕಿಂತ ದೊಡ್ಡ ಅಪಾಯ ಅಪಘಾತವಾದಾಗ ಎದುರಾಗುತ್ತದೆ. ವಿಮಾ ಕಂಪನಿ ಹಣ ಕೊಡಲು ನಿರಾಕರಿಸಬಹುದು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೈಯಲ್ಲಿದ್ದರೂ ಈ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ಆ ಪರ್ಮಿಟ್ ಊರಿನ ಲೈಸೆನ್ಸ್‌ನ ಜೊತೆಗಿರಬೇಕಾದ ಕಾಗದ, ತಾನೇ ಲೈಸೆನ್ಸ್ ಅಲ್ಲ.

ಬ್ರಿಟನ್, ಅಮೆರಿಕ, ಜಪಾನ್ ಮುಂತಾದ ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಪರೀಕ್ಷೆ ಬರೆಯಬೇಕು, ಗಾಡಿ ಓಡಿಸಿ ತೋರಿಸಬೇಕು.

ಊರಿನಿಂದ ಹೊರಡುವ ಮೊದಲೇ

ಅರ್ಧ ಕೆಲಸ ಕರ್ನಾಟಕದಲ್ಲೇ ಮುಗಿಸಿ ಬರಬಹುದು. ಮೊದಲನೆಯದು, ಲೈಸೆನ್ಸ್‌ನ ಅವಧಿ. ಮುಗಿಯಲು ಹತ್ತಿರವಿದ್ದರೆ ನವೀಕರಿಸಿಕೊಂಡು ಬನ್ನಿ, ಇಲ್ಲಿಂದ ಮಾಡಿಸುವುದು ಕಷ್ಟ.

ಎರಡನೆಯದು, ಹೆಸರು. ನಮ್ಮ ಕಡೆ ಲೈಸೆನ್ಸ್‌ನಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಊರಿನ ಹೆಸರಾಗಿಯೋ ತಂದೆಯ ಹೆಸರಾಗಿಯೋ ಪೂರ್ತಿ ಬಿಡಿಸಿಕೊಂಡಿರುತ್ತದೆ. ಹುಟ್ಟಿದ ತಾರೀಖಿನಲ್ಲೂ ಕೆಲವರಿಗೆ ವ್ಯತ್ಯಾಸ ಇರುತ್ತದೆ. ಎರಡೂ ಕಾಗದಗಳು ಒಂದೇ ವ್ಯಕ್ತಿಯನ್ನು ತೋರಿಸುವಂತಿದ್ದರೆ ಕೌಂಟರಿನಲ್ಲಿ ಕೆಲಸ ಸಲೀಸು. ವ್ಯತ್ಯಾಸ ಇದ್ದರೆ ಊರಿನಲ್ಲೇ ಸರಿಪಡಿಸಿಕೊಳ್ಳಿ.

ಮೂರನೆಯದು ಬಹಳ ಮುಖ್ಯ: ನಿಮಗೆ ಮೊದಲು ಲೈಸೆನ್ಸ್ ಸಿಕ್ಕ ತಾರೀಖಿಗೆ ಪುರಾವೆ. ಇಲ್ಲಿ ಫುಲ್ ಲೈಸೆನ್ಸ್ ಸಿಗುತ್ತದೋ ಹೊಸ ಚಾಲಕರಿಗೆ ಕೊಡುವ ‘ಪಿ’ ಲೈಸೆನ್ಸ್ ಸಿಗುತ್ತದೋ ಎಂಬುದನ್ನು ತೀರ್ಮಾನಿಸುವಾಗ, ಊರಿನಲ್ಲಿ ಎಷ್ಟು ವರ್ಷ ಲೈಸೆನ್ಸ್ ಇತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದ ಲೈಸೆನ್ಸ್ ಸಂಖ್ಯೆಯಲ್ಲಿ ಕೆಎ 09 ಎಂದರೆ ಮೈಸೂರು, ಕೆಎ 19 ಎಂದರೆ ಮಂಗಳೂರು ಎಂಬಂತೆ ಆರ್‌ಟಿಓ ಸಂಕೇತ ಮೊದಲು, ಅದರ ನಂತರ ವರ್ಷ ಇರುತ್ತದೆ. ಆದರೆ ಪರದೇಶದ ಕೌಂಟರಿನಲ್ಲಿ ಕುಳಿತವರು ಅದನ್ನು ಬಿಡಿಸಿ ಓದಿಕೊಳ್ಳಲಿ ಎಂದು ನಿರೀಕ್ಷಿಸಲಾಗದು. ಹಳೆಯ ಪುಸ್ತಕದ ಲೈಸೆನ್ಸ್ ಹೋಗಿ ಸ್ಮಾರ್ಟ್ ಕಾರ್ಡ್ ಬಂದಿದ್ದರೆ, ಅಥವಾ ಇತ್ತೀಚೆಗೆ ನವೀಕರಿಸಿದ್ದರೆ, ಪರಿವಾಹನ್ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ ‘ಡಿಎಲ್ ಎಕ್ಸ್‌ಟ್ರ್ಯಾಕ್ಟ್’ ತೆಗೆಸಿಕೊಂಡು ಬನ್ನಿ.

ಲೈಸೆನ್ಸ್‌ನಲ್ಲಿ ಕನ್ನಡದಲ್ಲಷ್ಟೇ ಬರೆದ ವಿವರಗಳಿದ್ದರೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಪರ್ಮನೆಂಟ್ ವೀಸಾದವರಿಗೆ ಆಸ್ಟ್ರೇಲಿಯ ಸರ್ಕಾರವೇ ವೀಸಾ ಸಿಕ್ಕ ಎರಡು ವರ್ಷದೊಳಗೆ ಹತ್ತು ದಾಖಲೆಗಳವರೆಗೆ ಉಚಿತವಾಗಿ ಅನುವಾದ ಮಾಡಿಸಿಕೊಡುತ್ತದೆ. ಈ ಸೌಲಭ್ಯ ಗೊತ್ತಿಲ್ಲದೆ ಕೈಯಿಂದ ದುಡ್ಡು ಕೊಡುವವರು ಇದ್ದಾರೆ. ಬಳಸಿಕೊಳ್ಳಿ, ಅದು ನಿಮ್ಮ ಹಕ್ಕು.

ಮೂರು ಪರೀಕ್ಷೆಗಳು

ಮೊದಲನೆಯದು ರಸ್ತೆ ನಿಯಮಗಳ ಪರೀಕ್ಷೆ. 32 ಪ್ರಶ್ನೆಗಳು, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಪಾಸಾಗಲು ಶೇಕಡ 78, ಅಂದರೆ 25 ಉತ್ತರಗಳು ಸರಿ ಇರಬೇಕು. ವಿಕ್‌ರೋಡ್ಸ್‌ನ ಕೈಪಿಡಿ ಓದಿದರೆ ಕಷ್ಟವಿಲ್ಲ, ಓದದೆ ಹೋದರೆ ಕಷ್ಟ. ಕಚೇರಿಯಲ್ಲಿ ಕಣ್ಣಿನ ಪರೀಕ್ಷೆಯೂ ಆಗುತ್ತದೆ, ಕನ್ನಡಕ ಮರೆಯಬೇಡಿ.

ಎರಡನೆಯದು ನಮ್ಮವರಿಗೆ ಹೊಸದು: ಅಪಾಯ ಗುರುತಿಸುವ ಪರೀಕ್ಷೆ. ಕಂಪ್ಯೂಟರ್ ಪರದೆಯ ಮೇಲೆ ಚಾಲಕನ ಸೀಟಿನಿಂದ ಕಂಡಂತೆ ರಸ್ತೆಯ ವಿಡಿಯೊ ತುಣುಕುಗಳು ಬರುತ್ತವೆ. ‘ನೀವು ಬಲಕ್ಕೆ ತಿರುಗಬೇಕು, ಸುರಕ್ಷಿತ ಅನಿಸಿದಾಗ ಕ್ಲಿಕ್ ಮಾಡಿ’ ಎನ್ನುತ್ತದೆ ಒಂದು ತುಣುಕು. ಎದುರಿನಿಂದ ಕಾರು ಬರುತ್ತಿದೆ, ಅದು ದಾಟಿತು, ಜಾಗ ಸಿಕ್ಕಿತು ಅನ್ನುವಷ್ಟರಲ್ಲಿ ತಿರುಗಬೇಕಾದ ರಸ್ತೆಗೆ ಒಬ್ಬಾಕೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಇಳಿಯುತ್ತಾಳೆ. ಕಾರನ್ನಷ್ಟೇ ನೋಡಿದವರು ಆಗಲೇ ಕ್ಲಿಕ್ ಮಾಡಿಬಿಟ್ಟಿರುತ್ತಾರೆ. ಪರೀಕ್ಷೆ ನೋಡುವುದು ಇದನ್ನೇ, ನಿಮ್ಮ ಕಣ್ಣು ಎಷ್ಟು ದೂರ, ಎಷ್ಟು ಅಗಲಕ್ಕೆ ಹರಿಯುತ್ತದೆ ಎಂಬುದನ್ನು. ಕೆಲವು ತುಣುಕುಗಳಲ್ಲಿ ಕ್ಲಿಕ್ಕೇ ಮಾಡದೆ ಸುಮ್ಮನಿರುವುದು ಸರಿಯಾದ ಉತ್ತರ.

ಮೂರನೆಯದು ಗಾಡಿ ಓಡಿಸಿ ತೋರಿಸುವ ಪರೀಕ್ಷೆ, ಸುಮಾರು ಅರ್ಧ ಗಂಟೆ. ಹೊರಡುವ ಮೊದಲು ಇಂಡಿಕೇಟರ್, ಹಾರ್ನ್, ವೈಪರ್, ಗಾಜಿನ ಮಂಜು ತೆಗೆಯುವ ಗುಂಡಿ ಎಲ್ಲಿದೆ ಎಂದು ಕೇಳುತ್ತಾರೆ. ಬಳಿಕ ಮೊದಲ ಹಂತದಲ್ಲಿ ಕಡಿಮೆ ವಾಹನಗಳ ರಸ್ತೆಯಲ್ಲಿ ಓಡಿಸಬೇಕು. ರಿವರ್ಸ್ ತೆಗೆದು ರಸ್ತೆಯಂಚಿಗೆ ನಿಲ್ಲಿಸುವುದೋ, ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸುವುದೋ, ಎರಡರಲ್ಲೊಂದನ್ನು ಮಾಡಿ ತೋರಿಸಬೇಕು. ಇದರಲ್ಲಿ ದಾಟಿದರೆ ಮಾತ್ರ ಎರಡನೇ ಹಂತ, ವಾಹನ ದಟ್ಟಣೆಯ ರಸ್ತೆಗಳಲ್ಲಿ. ಸ್ಟಾಪ್ ಬೋರ್ಡಿನ ಬಳಿ ನಿಲ್ಲದಿದ್ದರೆ, ಪಕ್ಕದಲ್ಲಿ ಕೂತ ಅಧಿಕಾರಿ ಕೈ ಹಾಕಬೇಕಾಗಿ ಬಂದರೆ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಕೈ ಬಲ್ಲದ್ದು, ಕೈ ಬಿಡಬೇಕಾದ್ದು

ನಮಗೊಂದು ಅನುಕೂಲ ಇದೆ. ಇಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು, ಸ್ಟೀರಿಂಗ್ ಬಲಗಡೆಯೇ ಇರುವುದು. ಹಾಗಾಗಿ ಕೈಕಾಲಿಗೆ ಹೊಸದಾಗಿ ಕಲಿಸಬೇಕಾದ್ದು ಕಡಿಮೆ. ಬಿಡಿಸಬೇಕಾದ ಅಭ್ಯಾಸಗಳೇ ಹೆಚ್ಚು, ಮತ್ತು ಅನುಭವಿ ಚಾಲಕರು ಫೇಲಾಗುವುದು ಅಲ್ಲೇ.

ಕ್ಲೈಡ್ ನಾರ್ತ್‌ನ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ರೌಂಡ್‌ಅಬೌಟ್. ಊರಿನ ಸರ್ಕಲ್‌ನಲ್ಲಿ ಯಾರು ಮೂತಿ ತೂರಿಸಿದರೋ ಅವರಿಗೆ ದಾರಿ. ಇಲ್ಲಿ ಆಗಲೇ ಒಳಗಿರುವ ಗಾಡಿಗೆ ದಾರಿ. ಹತ್ತಿರ ಬರುವಾಗಲೇ ವೇಗ ಇಳಿಸಿ, ಬಲಗಡೆ ನೋಡಿ, ಸುತ್ತಿ ಬರುತ್ತಿರುವ ಗಾಡಿ ಇದ್ದರೆ ಗೆರೆಯ ಹಿಂದೆಯೇ ನಿಲ್ಲಿ. ಬಲಕ್ಕೆ ಹೋಗುವುದಿದ್ದರೆ ಒಳಗೆ ಹೋಗುವ ಮೊದಲೇ ಬಲ ಇಂಡಿಕೇಟರ್, ಹೊರಬರುವಾಗ ಎಡ ಇಂಡಿಕೇಟರ್. ನೇರ ಹೋಗುವುದಿದ್ದರೆ ಹೊರಬರುವಾಗ ಮಾತ್ರ ಎಡ. ಯಾರೂ ಇಲ್ಲದಿದ್ದರೆ ಸುಮ್ಮನೆ ನಿಲ್ಲುವುದೂ ತಪ್ಪೇ.

ಇನ್ನೊಂದು ಕುತ್ತಿಗೆಯ ಕೆಲಸ. ಲೇನ್ ಬದಲಾಯಿಸುವ ಮೊದಲು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಆಮೇಲೆ ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಲೇಬೇಕು, ಏಕೆಂದರೆ ಕನ್ನಡಿಗೆ ಕಾಣದ ಜಾಗದಲ್ಲಿ ಸೈಕಲ್ ಇರಬಹುದು. ಕಣ್ಣಂಚಿನಲ್ಲಿ ನೋಡಿಕೊಂಡೆ ಎಂದರೆ ಅಧಿಕಾರಿಗೆ ಗೊತ್ತಾಗುವುದಿಲ್ಲ. ತಲೆ ತಿರುಗಿದ್ದು ಅವರಿಗೆ ಕಾಣಬೇಕು. ಸೈಕಲ್ ದಾಟುವಾಗ 60 ಕಿಲೋಮೀಟರ್‌ವರೆಗಿನ ರಸ್ತೆಯಲ್ಲಿ ಒಂದು ಮೀಟರ್, ಅದಕ್ಕೂ ಹೆಚ್ಚಿನ ವೇಗದ ರಸ್ತೆಯಲ್ಲಿ ಒಂದೂವರೆ ಮೀಟರ್ ಜಾಗ ಬಿಡಬೇಕು.

ವೇಗದ ಮಿತಿ ಇಲ್ಲಿ ನಿಜವಾದ ಮಿತಿ. ಬೇರೆ ಬೋರ್ಡ್ ಇಲ್ಲದ ಬಡಾವಣೆಯ ರಸ್ತೆಯಲ್ಲಿ 50. ಶಾಲೆಯ ಮುಂದೆ, ಬೋರ್ಡಿನಲ್ಲಿ ಬರೆದಂತೆ, ಬೆಳಿಗ್ಗೆ 8ರಿಂದ 9:30, ಮಧ್ಯಾಹ್ನ 2:30ರಿಂದ 4ರವರೆಗೆ ಸಾಮಾನ್ಯವಾಗಿ 40. ನೀವು ತಿರುಗುತ್ತಿರುವ ರಸ್ತೆಯನ್ನು ದಾಟುವ ಪಾದಚಾರಿಗೆ ನಿಂತು ದಾರಿ ಕೊಡಬೇಕು. ಹಾರ್ನ್ ಎಚ್ಚರಿಸುವುದಕ್ಕಷ್ಟೇ. ಏಳು ವರ್ಷದೊಳಗಿನ ಮಕ್ಕಳನ್ನು ವಯಸ್ಸಿಗೆ ತಕ್ಕ ಚೈಲ್ಡ್ ಸೀಟಿನಲ್ಲೇ ಕೂರಿಸಬೇಕು, ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಫುಲ್ ಲೈಸೆನ್ಸ್‌ನವರ ರಕ್ತದಲ್ಲಿ ಆಲ್ಕೋಹಾಲ್ 0.05ಕ್ಕಿಂತ ಕಡಿಮೆ ಇರಬೇಕು. ಎಲ್ (ಲರ್ನರ್) ಮತ್ತು ಪಿ ಬೋರ್ಡಿನವರಿಗೆ ಸೊನ್ನೆ. ಮೊಬೈಲ್ ಹಿಡಿದವರನ್ನು ಕ್ಯಾಮೆರಾಗಳೇ ಹಿಡಿಯುತ್ತವೆ. ಅದಕ್ಕೆ ದಂಡದ ಜೊತೆ 4 ಡಿಮೆರಿಟ್ ಪಾಯಿಂಟ್. ಫುಲ್ ಲೈಸೆನ್ಸ್‌ನಲ್ಲಿ ಮೂರು ವರ್ಷದೊಳಗೆ 12 ಪಾಯಿಂಟ್ ಸೇರಿದರೆ ಲೈಸೆನ್ಸ್‌ಗೇ ಸಂಚಕಾರ.

ಹಾಗಾಗಿ ಎಷ್ಟೇ ಅನುಭವ ಇದ್ದರೂ ಪರೀಕ್ಷೆಗೆ ಮುಂಚೆ ಇಲ್ಲಿನ ಡ್ರೈವಿಂಗ್ ಸ್ಕೂಲಿನವರ ಜೊತೆ ಕೆಲವು ಪಾಠ ತೆಗೆದುಕೊಳ್ಳಿ. ನಿಮ್ಮ ತಪ್ಪು ನಿಮಗಿಂತ ಬೇಗ ಅವರಿಗೆ ಕಾಣುತ್ತದೆ.

ಲೈಸೆನ್ಸೇ ಇಲ್ಲದೆ ಬಂದವರಿಗೆ

ಊರಿನಲ್ಲಿ ಕಾರು ಕಲಿಯದೆ ಬಂದವರು ಹೆದರಬೇಕಿಲ್ಲ. ನಿಯಮ ಪರೀಕ್ಷೆ ಪಾಸಾದರೆ ಲರ್ನರ್ ಪರ್ಮಿಟ್ ಸಿಗುತ್ತದೆ. 21 ವರ್ಷದೊಳಗಿನವರು 120 ಗಂಟೆ ಓಡಿಸಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. 21 ದಾಟಿದವರಿಗೆ ಅದು ಕಡ್ಡಾಯವಲ್ಲ. 25 ದಾಟಿದವರು ಲರ್ನರ್ ಪರ್ಮಿಟ್ ಸಿಕ್ಕ ಮೂರು ತಿಂಗಳಿಗೇ ಗಾಡಿ ಪರೀಕ್ಷೆಗೆ ಹೋಗಬಹುದು. ಗಂಟೆಗಳ ಲೆಕ್ಕ ಇಲ್ಲವೆಂದು ಅಭ್ಯಾಸ ಕಡಿಮೆ ಮಾಡಬೇಡಿ. ರಾತ್ರಿ, ಮಳೆ, ಮೊನಾಶ್ ಫ್ರೀವೇ ಮೂರನ್ನೂ ಪರೀಕ್ಷೆಗೆ ಮುಂಚೆಯೇ ನೋಡಿರಬೇಕು. ಪಕ್ಕದಲ್ಲಿ ಕೂರುವವರಿಗೆ ಫುಲ್ ಲೈಸೆನ್ಸ್ ಇರಬೇಕು, ‘ಪಿ’ ಸಾಲದು. 21 ದಾಟಿದವರಿಗೆ ಪಾಸಾದ ಮೇಲೆ ಮೂರು ವರ್ಷ ಹಸಿರು ‘ಪಿ’ ಬೋರ್ಡ್.

ಸಿಡ್ನಿಯಲ್ಲಿ ನೆಲೆಸಿದವರಿಗೆ

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲೂ ಇಂಥ ಗಡುವು ಇದೆ. ಆದರೆ ಕಚೇರಿ ಬೇರೆ, ಸರ್ವಿಸ್ ಎನ್‌ಎಸ್‌ಡಬ್ಲ್ಯು. ಪರೀಕ್ಷೆಯೂ ಬೇರೆ: 45 ಪ್ರಶ್ನೆಗಳು, ಅದರಲ್ಲಿ ಸಾಮಾನ್ಯ ಜ್ಞಾನದ 15ರಲ್ಲಿ 12, ರಸ್ತೆ ಸುರಕ್ಷತೆಯ 30ರಲ್ಲಿ 29 ಸರಿ ಇರಬೇಕು. ಸಿಡ್ನಿಯಲ್ಲಿ ಒಂದು ಎಚ್ಚರಿಕೆ ಬೇಕು. ಗಾಡಿ ಪರೀಕ್ಷೆಯಲ್ಲಿ ಫೇಲಾದರೆ ಊರಿನ ಲೈಸೆನ್ಸ್‌ನಲ್ಲಿ ಓಡಿಸುವ ಅನುಮತಿ ಅಲ್ಲಿಗೇ ರದ್ದಾಗಿ, ಲರ್ನರ್ ಲೈಸೆನ್ಸ್ ತೆಗೆದುಕೊಳ್ಳಬೇಕಾಗುತ್ತದೆ. ಹಾಗಾಗಿ ‘ಒಂದು ಸಲ ಹೋಗಿ ನೋಡೋಣ’ ಎನ್ನುವ ಧೋರಣೆ ಬೇಡ, ತಯಾರಾಗಿಯೇ ಹೋಗಿ.

ರಸ್ತೆ ನಿಯಮದಲ್ಲೂ ವ್ಯತ್ಯಾಸ ಇದೆ. ಮೆಲ್ಬರ್ನ್‌ನಲ್ಲಿ ಬೇಡವೆಂಬ ಬೋರ್ಡ್ ಇಲ್ಲದಿದ್ದರೆ ಸಿಗ್ನಲ್‌ನಲ್ಲಿ ಯೂ-ಟರ್ನ್ ಮಾಡಬಹುದು. ಸಿಡ್ನಿಯಲ್ಲಿ ಮಾಡಬಹುದೆಂಬ ಬೋರ್ಡ್ ಇದ್ದರೆ ಮಾತ್ರ. ಮೆಲ್ಬರ್ನ್‌ನ ನಡುಪೇಟೆಯ ಕೆಲವು ಸಿಗ್ನಲ್‌ಗಳಲ್ಲಿ ಟ್ರಾಮ್‌ಗೆ ಅಡ್ಡವಾಗದಂತೆ ಎಡ ಅಂಚಿನಿಂದ ಬಲಕ್ಕೆ ತಿರುಗಬೇಕು. ಇದನ್ನು ಹುಕ್ ಟರ್ನ್ ಎನ್ನುತ್ತಾರೆ.

ಕೆಲಸದ ಕ್ರಮ

ಬಂದ ಮೊದಲ ವಾರ ಬ್ಯಾಂಕ್ ಖಾತೆ ತೆರೆದು ವಿಳಾಸದ ಪುರಾವೆ ಮಾಡಿಕೊಳ್ಳಿ. ಎರಡನೇ ವಾರದಿಂದ ಕೈಪಿಡಿ ಓದಿ. ಮೊದಲ ತಿಂಗಳು ಮುಗಿಯುವುದರೊಳಗೆ ನಿಯಮ ಪರೀಕ್ಷೆ, ಅದರ ಬೆನ್ನಿಗೇ ಅಪಾಯ ಗುರುತಿಸುವ ಪರೀಕ್ಷೆ ಮುಗಿಸಿ. ಗಾಡಿ ಪರೀಕ್ಷೆಗೆ ಬೇಗನೆ ದಿನ ಗೊತ್ತು ಮಾಡಿಕೊಳ್ಳಿ. ಮೆಲ್ಬರ್ನ್‌ನಲ್ಲಿ ಮೊದಲ ಸಲ ಆಗದಿದ್ದರೂ ಗಡುವಿನೊಳಗೆ ಇನ್ನೊಂದು ಅವಕಾಶಕ್ಕೆ ಸಮಯ ಉಳಿಯುತ್ತದೆ.

ಫುಲ್ ಲೈಸೆನ್ಸ್ ಕೈಗೆ ಬಂದ ದಿನದಿಂದ ನಿಮಗೆ ಇನ್ನೊಂದು ಅರ್ಹತೆಯೂ ಬರುತ್ತದೆ, ಲರ್ನರ್ ಒಬ್ಬರ ಪಕ್ಕದ ಸೀಟಿನಲ್ಲಿ ಕೂತು ಕಲಿಸುವುದು. ಬೀದಿಯಲ್ಲಿ ಹೊಸದಾಗಿ ಬಂದ ಮನೆಯವರಿಗೆ, ಅದರಲ್ಲೂ ಮನೆಯಲ್ಲಿ ಕಾರಿಲ್ಲದೆ ಉಳಿದವರಿಗೆ, ವಾರಕ್ಕೊಂದು ಸಂಜೆ ಕೊಡಿ. ರೈಲು ಬಾರದ ಊರಿನಲ್ಲಿ ನೆರೆಯವರು ಮಾಡಬಹುದಾದ ದೊಡ್ಡ ಉಪಕಾರ ಅದು.