ಕವಿ ಪರಿಚಯದ ಆಚೆಗಿನ ಕವಿ: ಗಾಂಧಿಬಜಾರಿನಿಂದ ನಮ್ಮ ಶಾಲೆಗಳಿಗೊಂದು ಪಾಠ

ಪಠ್ಯಪುಸ್ತಕದ ಪದ್ಯಗಳ ಜೊತೆಗೆ 'ಕವಿ ಪರಿಚಯ' ಎಂಬ ಪುಟ್ಟ ಭಾಗವಿರುತ್ತದೆ. ಜನ್ಮಸ್ಥಳ, ಇಸವಿ, ಕೃತಿಗಳು, ಪ್ರಶಸ್ತಿಗಳು. ಮಕ್ಕಳು ಅದನ್ನು ಕಂಠಪಾಠ ಮಾಡಿ ಬರೆಯುತ್ತಾರೆ. ಪರೀಕ್ಷೆಗೆ ಅದು ಸಾಕು. ಆದರೆ ಕವಿಯೂ ಸಂಬಳಕ್ಕೆ ದುಡಿದು, ಪೇಟೆಯಲ್ಲಿ ನಡೆದಾಡಿ, ನೆರೆಹೊರೆಯವರೊಡನೆ ಹರಟಿದವನೆಂಬುದು ಅದರಿಂದ ತಿಳಿಯದು. ಕರ್ನಾಟಕದ ಮಗುವಿಗೆ ಊರಿನ ಸಭೆಯಲ್ಲೋ ಪೇಟೆಯಲ್ಲೋ ಕವಿಯೊಬ್ಬರು ಎದುರಾಗಬಹುದು. ತಿಗನಾರೆ, ತಾಳವಾಡಿಯ ನಮ್ಮ ಮಕ್ಕಳಿಗೆ ಅಂಥ ಅವಕಾಶ ಅಪರೂಪ. ಆದುದರಿಂದ ಆ ಪರಿಚಯವನ್ನು ಶಾಲೆಯೂ ಮನೆಯೂ ಕೂಡಿಯೇ ಮಾಡಿಕೊಡಬೇಕಾಗಿದೆ.

ಕೆ. ಎಸ್. ನಿಸಾರ್ ಅಹಮದ್ ಅವರನ್ನೇ ನೋಡೋಣ. 1936ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಅವರು ಓದಿದ್ದೂ ಕಾಲೇಜುಗಳಲ್ಲಿ ಬೋಧಿಸಿದ್ದೂ ಭೂವಿಜ್ಞಾನವನ್ನು. ಕಲ್ಲು, ಖನಿಜಗಳ ಪಾಠ ಹೇಳುತ್ತಲೇ ಅವರು ಕವಿತೆ ಬರೆದರು. 1960ರಲ್ಲಿ ಬಂದ ಅವರ ಮೊದಲ ಸಂಕಲನದ ಹೆಸರು 'ಮನಸು ಗಾಂಧಿಬಜಾರು'. ಗಾಂಧಿಬಜಾರು ಬೆಂಗಳೂರಿನ ಬಸವನಗುಡಿಯ ಒಂದು ಬೀದಿ: ಹೂವು ಹಣ್ಣಿನ ವ್ಯಾಪಾರಿಗಳು, ಪುಸ್ತಕದಂಗಡಿ, ವಿದ್ಯಾರ್ಥಿ ಭವನದ ದೋಸೆ, ಕಾಫಿ. ದಿನನಿತ್ಯದ ಆ ಪೇಟೆಯ ಹೆಸರೇ ಕವಿತೆಯ ಪುಸ್ತಕಕ್ಕೆ ಶೀರ್ಷಿಕೆಯಾಯಿತು. ತಾಳವಾಡಿಯ ಸಂತೆಯೂ ಕವಿತೆಗೆ ವಸ್ತುವಾಗಬಲ್ಲದೆಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅದೇ ಬಸವನಗುಡಿಯಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಪ್ಪದೆ ಬಸವನಗುಡಿ ಕ್ಲಬ್ಬಿಗೆ ಹೋಗಿಬರುತ್ತಿದ್ದರು. 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಬರೆದ ಅವರು ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದವರು, 1983ರ ಜ್ಞಾನಪೀಠ ಪ್ರಶಸ್ತಿ ಪಡೆದವರು.

ಇಲ್ಲಿ ನಮ್ಮ ಪೋಷಕರು ಗಮನಿಸಬೇಕಾದ ಸಂಗತಿಯೊಂದಿದೆ. ಮಾಸ್ತಿಯವರ ಮನೆಮಾತು ತಮಿಳು. ನಿಸಾರ್ ಅವರದು ಉರ್ದು. ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದ ದ. ರಾ. ಬೇಂದ್ರೆಯವರದು ಮರಾಠಿ. ಎರಡು ಭಾಷೆಗಳ ನಡುವೆ ಬೆಳೆಯುವುದು ಅವರ ಕನ್ನಡಕ್ಕೆ ಅಡ್ಡಿಯಾಗಲಿಲ್ಲ. ತಮಿಳುನಾಡಿನ 2006ರ ಕಾಯ್ದೆಯ ಬಳಿಕ ನಮ್ಮ ಮಕ್ಕಳು ತಮಿಳನ್ನು ಕಡ್ಡಾಯವಾಗಿ ಕಲಿಯುತ್ತಿದ್ದಾರೆ. ಅದನ್ನು ಚೆನ್ನಾಗಿಯೇ ಕಲಿಯಲಿ. ಆದರೆ ತಮಿಳು ಬರಬೇಕಾದರೆ ಕನ್ನಡವನ್ನು ಬಿಡಬೇಕೆಂಬ ಅಂಜಿಕೆಗೆ ಆಧಾರವಿಲ್ಲ.

ಇನ್ನು ಕಾವ್ಯವಾಚನದ ವಿಚಾರ. ಕವಿತೆ ಸಭೆಯನ್ನು ತಲುಪುವ ಮೂರು ಬಗೆಗಳನ್ನು ನಾವು ಬೇರೆಬೇರೆಯಾಗಿ ಗುರುತಿಸಬೇಕು. ಮೊದಲನೆಯದು ಗಮಕ. ಇದರಲ್ಲಿ ಹಳೆಯ ಕಾವ್ಯವನ್ನು ರಾಗದಲ್ಲಿ, ತಾಳದ ಕಟ್ಟಿಲ್ಲದೆ ವಾಚಿಸುತ್ತಾರೆ. ಮತ್ತೊಬ್ಬರು ಅರ್ಥ ವಿವರಿಸುತ್ತಾರೆ. ಎರಡನೆಯದು ಸುಗಮ ಸಂಗೀತ. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 1978ರಲ್ಲಿ ಹೊರಬಂದ 'ನಿತ್ಯೋತ್ಸವ' ಧ್ವನಿಸುರುಳಿಯಿಂದ ನಿಸಾರರ ಕವಿತೆ ಪುಸ್ತಕ ಕೊಳ್ಳದವರ ಮನೆಗೂ ಹೋಯಿತು. ಮೂರನೆಯದು ಕವಿಗೋಷ್ಠಿ. ದಸರೆ, ರಾಜ್ಯೋತ್ಸವ, ಸಾಹಿತ್ಯ ಸಮ್ಮೇಳನಗಳ ವೇದಿಕೆಯಲ್ಲಿ ಕವಿ ತನ್ನ ಕವಿತೆಯನ್ನು ತಾನೇ ಓದುತ್ತಾನೆ. ಇಲ್ಲಿ ಮಾತಿನ ಏರಿಳಿತ, ನಿಲುಗಡೆ, ಉಚ್ಚಾರಗಳೇ ಮುಖ್ಯ. ಹಾಡಲು ಬಾರದ ಮಗುವೂ ಇದನ್ನು ಮಾಡಬಲ್ಲದು. ಅದರಿಂದಲೇ ಶಾಲೆಗೆ ಇದು ಹೆಚ್ಚು ಸೂಕ್ತ.

ಉಚ್ಚಾರದ ಮಹತ್ವಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಶಾಲೆಯಲ್ಲಿ ಕಲಿತದ್ದು ಸ್ವಲ್ಪ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಅವರ ನುಡಿ ನಾಡಿಗೇ ಮಾದರಿಯಾಯಿತು. ಕೇಳಿ, ಗಟ್ಟಿಯಾಗಿ ಹೇಳಿ ಕಲಿತ ಕನ್ನಡದ ಬಲ ಅದು.

ಛಾಯಾಚಿತ್ರದಿಂದಲೂ ಉಪಯೋಗವಿದೆ. ಕವಿ ಎಂದೊಡನೆ ಜುಬ್ಬಾ, ಹೆಗಲ ಮೇಲೆ ಶಾಲು ಮಕ್ಕಳ ಕಣ್ಣಿಗೆ ಬರುತ್ತದೆ. ನಿಸಾರ್ ಅವರ ಚಿತ್ರಗಳನ್ನು ನೋಡಿದರೆ ಸೂಟು, ಟೈ ತೊಟ್ಟ ಮೇಷ್ಟರು ಕಾಣುತ್ತಾರೆ. ಸನ್ಮಾನದ ಚಿತ್ರದಲ್ಲಿ ಹಾರ, ಫಲಕಗಳೇ ಎದ್ದು ಕಾಣುವುದುಂಟು. ನಡೆಯುವಾಗ, ಕಾಫಿ ಕುಡಿಯುವಾಗ, ಹಾಳೆ ಹಿಡಿದು ಓದುವಾಗ ತೆಗೆದ ಚಿತ್ರದಲ್ಲಿ ಮನುಷ್ಯ ಕಾಣುತ್ತಾನೆ. ಇಂದು ಮನೆಮನೆಯಲ್ಲೂ ಮೊಬೈಲ್ ಇದೆ. ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಬೇಕು. ಓದುವವರ ಮುಖಕ್ಕೆ ಫ್ಲ್ಯಾಶ್ ಹಾಕಬಾರದು. ಯಾರು, ಎಲ್ಲಿ, ಯಾವ ದಿನ, ಏನು ಓದಿದರು ಎಂಬ ನಾಲ್ಕು ವಿವರ ಬರೆದಿಡಬೇಕು. ವಿವರವಿಲ್ಲದ ಚಿತ್ರದಲ್ಲಿ ಯಾರಿದ್ದಾರೆಂದು ಇಪ್ಪತ್ತು ವರ್ಷದ ಮೇಲೆ ಹೇಳುವವರೇ ಇರುವುದಿಲ್ಲ.

ಪೋಷಕರಲ್ಲಿ ನಮ್ಮ ಕೋರಿಕೆ ಇಷ್ಟೇ. ವಾರಕ್ಕೊಂದು ಸಂಜೆ ಮಗು ಪಠ್ಯದ ಒಂದು ಪದ್ಯವನ್ನು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಲಿ. ಅಕ್ಷರ ಬಾರದ ಅಜ್ಜಿಯೂ ಕೂತು ಕೇಳಲಿ, ತನಗೆ ಗೊತ್ತಿರುವ ಪದವೊಂದನ್ನು ಹೇಳಿ ಮಾತು ಮುಂದುವರಿಸಲಿ. ಊರಿನಲ್ಲಿ ಪದ ಕಟ್ಟುವವರು, ಹಾಡುವವರು ಇದ್ದರೆ ಶಾಲೆಗೆ ಕರೆತನ್ನಿ. ಬರುವ ನವೆಂಬರ್ 1ರಂದು ಭಾಷಣಗಳನ್ನು ಎರಡಕ್ಕೆ ಇಳಿಸಿ, ಉಳಿದ ಹೊತ್ತನ್ನು ಮಕ್ಕಳ ಕವಿಗೋಷ್ಠಿಗೆ ಬಿಡೋಣ. ಓದಿದ ಪ್ರತಿ ಮಗುವಿನ ಒಂದೊಂದು ಚಿತ್ರ, ಹೆಸರು ಮತ್ತು ತಾರೀಖಿನ ಸಮೇತ, ಶಾಲೆಯ ಗೋಡೆಯ ಮೇಲಿರಲಿ.