ಕೋಲಾರ ಜಿಲ್ಲೆಯ ಮಹಾಶಿವರಾತ್ರಿ ಕ್ಷೇತ್ರಗಳು

ಕರ್ನಾಟಕದ ಕೋಲಾರ ಜಿಲ್ಲೆಯಲ್ಲಿ ಮಹಾಶಿವರಾತ್ರಿಯ ಸಂದರ್ಭದಲ್ಲಿ ಭಕ್ತರೂ ಪ್ರವಾಸಿಗರೂ ಸಂದರ್ಶಿಸುವ ಹಲವು ಶಿವಕ್ಷೇತ್ರಗಳಿವೆ. ಮುಳಬಾಗಿಲು ತಾಲ್ಲೂಕಿನ ಆವಣಿ, ಕೋಲಾರ ನಗರದ ಸಮೀಪದ ಅಂತರಗಂಗೆ, ಕೋಲಾರದ ಸೋಮೇಶ್ವರ ದೇವಾಲಯ ಮತ್ತು ಚಿನ್ನದ ಗಣಿ ಪ್ರದೇಶಕ್ಕೆ ಹತ್ತಿರವಿರುವ ಕಮ್ಮಸಂದ್ರದ ಕೋಟಿಲಿಂಗೇಶ್ವರ ಇವುಗಳಲ್ಲಿ ಮುಖ್ಯವಾದವು. ಹಬ್ಬ ಒಂದೇ ಆದರೂ ಈ ಸ್ಥಳಗಳ ಸ್ವರೂಪ ಒಂದೇ ಅಲ್ಲ. ಶಿವರಾತ್ರಿಯನ್ನು ಕಾಣಲು ಹೊರಡುವವರು ಜಾಗರಣೆ, ರಥೋತ್ಸವ, ದನಗಳ ಜಾತ್ರೆ ಇವುಗಳಲ್ಲಿ ಯಾವುದನ್ನು ನೋಡಬೇಕೆಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಸ್ಥಳ ಮತ್ತು ದಿನಗಳ ಆಯ್ಕೆ ಸುಲಭವಾಗುತ್ತದೆ.

ಹಬ್ಬದ ಕಾಲ

ಮಹಾಶಿವರಾತ್ರಿಯು ಮಾಘ ಬಹುಳ ಚತುರ್ದಶಿಯಂದು ಬರುತ್ತದೆ. ಚಾಂದ್ರಮಾನವನ್ನು ಅನುಸರಿಸುವುದರಿಂದ ಇಂಗ್ಲಿಷ್ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. 2024ರಲ್ಲಿ ಮಾರ್ಚ್ 8ರಂದು, 2025ರಲ್ಲಿ ಫೆಬ್ರವರಿ 26ರಂದು ಹಾಗೂ 2026ರಲ್ಲಿ ಫೆಬ್ರವರಿ 15ರಂದು ಈ ಹಬ್ಬ ಬಂದಿದೆ. ಚತುರ್ದಶಿ ತಿಥಿಯು ಮಧ್ಯರಾತ್ರಿಯಲ್ಲಿ, ಅಂದರೆ ನಿಶೀಥ ಕಾಲದಲ್ಲಿ ಇರುವ ದಿನವನ್ನು ಶಿವರಾತ್ರಿಯೆಂದು ಪರಿಗಣಿಸಲಾಗುತ್ತದೆ.

ಇತರ ಅನೇಕ ಹಬ್ಬಗಳಲ್ಲಿ ಹಗಲಿನ ಪೂಜೆ ಮತ್ತು ಹಬ್ಬದೂಟ ಪ್ರಧಾನವಾಗಿದ್ದರೆ ಶಿವರಾತ್ರಿಯಲ್ಲಿ ಉಪವಾಸ ಮತ್ತು ರಾತ್ರಿಯ ಜಾಗರಣೆ ಪ್ರಧಾನವಾಗಿವೆ. ರಾತ್ರಿಯನ್ನು ನಾಲ್ಕು ಯಾಮಗಳಾಗಿ ವಿಂಗಡಿಸಿ ಪ್ರತಿ ಯಾಮದಲ್ಲಿಯೂ ಲಿಂಗಕ್ಕೆ ಅಭಿಷೇಕ ಮತ್ತು ಬಿಲ್ವಾರ್ಚನೆ ಮಾಡಲಾಗುತ್ತದೆ. ದೊಡ್ಡ ದೇವಾಲಯಗಳ ರಥೋತ್ಸವವು ಅನೇಕ ಕಡೆ ಮರುದಿನ ಜರುಗುತ್ತದೆ. ಆದ್ದರಿಂದ ಹಬ್ಬದ ದಿನದ ಹಗಲಿನಲ್ಲಿ ಮಾತ್ರ ಬಂದು ಸಂಜೆಯೊಳಗೆ ಹಿಂದಿರುಗುವವರಿಗೆ ರಾತ್ರಿಯ ಪೂಜೆಯಾಗಲಿ, ಮರುದಿನದ ತೇರಾಗಲಿ ಕಾಣಸಿಗುವುದಿಲ್ಲ.

ಆವಣಿ

ಆವಣಿಯು ಮುಳಬಾಗಿಲಿನಿಂದ ಸುಮಾರು 13 ಕಿ.ಮೀ. ದೂರದಲ್ಲಿದೆ. ಸ್ಥಳಪುರಾಣದಲ್ಲಿ ಇದನ್ನು ಆವಂತಿಕಾ ಕ್ಷೇತ್ರವೆಂದು ಕರೆಯಲಾಗಿದೆ. ಇಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆಯು ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂಬ ಪ್ರತೀತಿ ಇದೆ. ಊರಿನ ದೇವಾಲಯ ಸಮುಚ್ಚಯದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ ಮತ್ತು ಶತ್ರುಘ್ನೇಶ್ವರ ಎಂಬ ಗುಡಿಗಳಿದ್ದು, ಇಲ್ಲಿನ ಲಿಂಗಗಳನ್ನು ರಾಮ ಮತ್ತು ಆತನ ಸಹೋದರರು ಸ್ಥಾಪಿಸಿದರೆಂದು ನಂಬಲಾಗಿದೆ. ಬೆಟ್ಟದ ಮೇಲೆ ಸೀತಾ ಪಾರ್ವತಿಯ ಗುಡಿ ಇದೆ. ಸಂತಾನಾಪೇಕ್ಷೆಯುಳ್ಳವರು ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ.

ಈ ದೇವಾಲಯಗಳು ನೊಳಂಬರ ಕಾಲದವು. ಹತ್ತನೆಯ ಶತಮಾನದಲ್ಲಿ ಇಲ್ಲಿದ್ದ ತ್ರಿಭುವನಕರ್ತಾರ ಎಂಬ ಶೈವ ಯತಿಯು 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನವು ತಿಳಿಸುತ್ತದೆ. ಸದಾ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಗುಡಿ ಕಟ್ಟುವುದರ ಜೊತೆಗೆ ಕೆರೆ ಕಟ್ಟಿಸುವುದೂ ಧರ್ಮಕಾರ್ಯವೆನಿಸಿತ್ತು ಎಂಬುದಕ್ಕೆ ಇದು ಉತ್ತಮ ನಿದರ್ಶನ. ಸಮುಚ್ಚಯವು ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.

ಶಿವರಾತ್ರಿಯ ಸಂದರ್ಭದಲ್ಲಿ ಆವಣಿಯಲ್ಲಿ ರಾಮಲಿಂಗೇಶ್ವರನ ಜಾತ್ರೆ ನಡೆಯುತ್ತದೆ. ರಥೋತ್ಸವದಷ್ಟೇ ಇಲ್ಲಿನ ದನಗಳ ಜಾತ್ರೆಯೂ ಹೆಸರುವಾಸಿ. ಸುಗ್ಗಿ ಮುಗಿದು, ಯುಗಾದಿಯ ಹೊತ್ತಿಗೆ ಹೊಸ ಬೇಸಾಯಕ್ಕೆ ಸಿದ್ಧರಾಗಬೇಕಾದ ರೈತರಿಗೆ ಎತ್ತುಗಳನ್ನು ಕೊಳ್ಳಲು ಇದು ಸೂಕ್ತವಾದ ಕಾಲವಾಗಿತ್ತು. ಹಳೆ ಮೈಸೂರು ಸೀಮೆಯ ಇಂತಹ ಜಾತ್ರೆಗಳಲ್ಲಿ ಹಳ್ಳಿಕಾರ್ ತಳಿಯ ಜೋಡಿಗಳಿಗೆ ವಿಶೇಷ ಬೇಡಿಕೆ ಇರುತ್ತದೆ. ಕೊಳ್ಳುವವರು ಎತ್ತಿನ ಹಲ್ಲು ನೋಡಿ ವಯಸ್ಸನ್ನು ಅಳೆಯುತ್ತಾರೆ, ಮೈಮೇಲಿನ ಸುಳಿಗಳನ್ನು ಪರೀಕ್ಷಿಸುತ್ತಾರೆ, ನಡಿಗೆಯನ್ನು ಗಮನಿಸುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯೂ ಉಂಟು. ಸಾಮಾನ್ಯವಾಗಿ ದನಗಳು ತೇರಿಗೆ ಮೊದಲೇ ಕೂಡುವುದರಿಂದ, ವ್ಯಾಪಾರವನ್ನು ನೋಡಬಯಸುವವರು ಹಬ್ಬಕ್ಕಿಂತ ಮುಂಚೆ ಬರುವುದು ಒಳ್ಳೆಯದು.

ಟ್ರ್ಯಾಕ್ಟರ್ ಬಳಕೆ ಹೆಚ್ಚಿದ ಮೇಲೆ ಉಳುವ ಎತ್ತುಗಳ ಅಗತ್ಯ ಕಡಿಮೆಯಾಗಿ, ರಾಜ್ಯದ ದನಗಳ ಜಾತ್ರೆಗಳು ಒಟ್ಟಾರೆ ಕ್ಷೀಣಿಸುತ್ತಿವೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಅನೇಕ ಕಡೆ ಇವುಗಳನ್ನು ನಿಷೇಧಿಸಲಾಗಿತ್ತು. ಈ ಕಾರಣದಿಂದ ದನಗಳ ಜಾತ್ರೆಗೆಂದೇ ಹೊರಡುವವರು ಆ ವರ್ಷ ಜಾತ್ರೆ ಇದೆಯೇ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕಾಗುತ್ತದೆ.

ಅಂತರಗಂಗೆ ಮತ್ತು ಕೋಲಾರ

ಕೋಲಾರ ನಗರದ ಪಶ್ಚಿಮಕ್ಕಿರುವ ಶತಶೃಂಗ ಬೆಟ್ಟಸಾಲಿನಲ್ಲಿ ಅಂತರಗಂಗೆ ಇದೆ. ಇಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದೆ. ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ಬೆಟ್ಟದೊಳಗಿನಿಂದ ಬರುವ ಈ ನೀರನ್ನು ಜನರು ಗಂಗೆಯೆಂದೇ ಭಾವಿಸುತ್ತಾರೆ. ಪಕ್ಕದಲ್ಲಿ ಕಾಶಿ ವಿಶ್ವೇಶ್ವರನ ಗುಡಿ ಇದೆ. ಕಾಶಿಗೆ ಹೋಗಲಾರದವರಿಗೆ ಗಂಗೆ ಮತ್ತು ವಿಶ್ವೇಶ್ವರ ಇಬ್ಬರೂ ಒಂದೇ ಕಡೆ ದೊರೆಯುವ ಸ್ಥಳವಿದು. ಮೆಟ್ಟಿಲುಗಳನ್ನು ಹತ್ತಬೇಕಾದ್ದರಿಂದ ವಯಸ್ಸಾದವರು ಬಿಸಿಲೇರುವ ಮೊದಲೇ ಹೋಗುವುದು ಅನುಕೂಲ. ಮಂಗಗಳ ಕಾಟ ಇರುವುದರಿಂದ ಹಣ್ಣುಕಾಯಿಯ ಚೀಲವನ್ನು ಜೋಪಾನವಾಗಿ ಹಿಡಿದುಕೊಳ್ಳಬೇಕು.

ನಗರದೊಳಗಿನ ಸೋಮೇಶ್ವರ ದೇವಾಲಯವು ವಿಜಯನಗರ ಕಾಲದ ರಚನೆಯಾಗಿದ್ದು, ಇದರ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ಪ್ರಸಿದ್ಧವಾಗಿದೆ. ಬೆಟ್ಟ ಹತ್ತಲಾಗದವರಿಗೂ ಶಿಲ್ಪಕಲೆಯಲ್ಲಿ ಆಸಕ್ತಿಯುಳ್ಳವರಿಗೂ ಇದು ಸೂಕ್ತ ಸ್ಥಳ.

ಕಮ್ಮಸಂದ್ರದ ಕೋಟಿಲಿಂಗೇಶ್ವರ

ಆವಣಿಗೆ ಸಾವಿರ ವರ್ಷಗಳ ಇತಿಹಾಸವಿದ್ದರೆ ಕಮ್ಮಸಂದ್ರ ಇತ್ತೀಚಿನ ಕ್ಷೇತ್ರ. ಸಾಂಬಶಿವಮೂರ್ತಿ ಸ್ವಾಮಿಗಳು 1980ರಲ್ಲಿ ಇದನ್ನು ಆರಂಭಿಸಿದರು. ಇಲ್ಲಿ 108 ಅಡಿ ಎತ್ತರದ ಲಿಂಗವೂ ಅದಕ್ಕೆದುರಾಗಿ 35 ಅಡಿಯ ನಂದಿಯೂ ಇದ್ದು, ಸುತ್ತಲೂ ಭಕ್ತರು ತಮ್ಮ ಹೆಸರಿನಲ್ಲಿ ಸ್ಥಾಪಿಸಿದ ಅಸಂಖ್ಯಾತ ಸಣ್ಣ ಲಿಂಗಗಳಿವೆ. ಗಣಿಗಳ ಕಾರಣದಿಂದ ನೆಲೆಸಿದ ತಮಿಳು, ತೆಲುಗು ಭಾಷಿಕರು ಈ ಭಾಗದಲ್ಲಿ ಹೆಚ್ಚಾಗಿರುವುದರಿಂದ ಇಲ್ಲಿ ಕನ್ನಡದ ಜೊತೆಗೆ ಆ ಭಾಷೆಗಳೂ ಕೇಳಿಬರುತ್ತವೆ. ಶಿವರಾತ್ರಿಯಂದು ಜನಸಂದಣಿ ವಿಪರೀತವಾಗಿರುತ್ತದೆ. ಶಾಂತವಾದ ಪೂಜೆಯನ್ನು ಅಪೇಕ್ಷಿಸುವವರಿಗಿಂತ ಜನಸಾಗರದ ಉತ್ಸಾಹವನ್ನು ನೋಡಬಯಸುವವರಿಗೆ ಇದು ಒಪ್ಪುತ್ತದೆ.

ಗ್ರಾಮಗಳಲ್ಲಿ ಜಾಗರಣೆ

ಪ್ರಸಿದ್ಧ ಕ್ಷೇತ್ರಗಳಿಗೆ ಹೋಗದೆಯೂ ಹಬ್ಬವನ್ನು ಕಾಣಬಹುದು. ಊರಿನ ಈಶ್ವರನ ಗುಡಿಯಲ್ಲಿ ರಾತ್ರಿಯಿಡೀ ಭಜನೆ, ಹರಿಕಥೆ ಅಥವಾ ಪೌರಾಣಿಕ ನಾಟಕಗಳನ್ನು ಏರ್ಪಡಿಸುವುದು ಈ ಭಾಗದ ವಾಡಿಕೆ. ನಿದ್ದೆಯನ್ನು ದೂರವಿಡುವುದು ಇವುಗಳ ಉದ್ದೇಶವಾದರೂ, ಊರಿನ ಹವ್ಯಾಸಿ ಕಲಾವಿದರಿಗೆ ರಂಗವನ್ನು ಒದಗಿಸಿದ್ದು ಇವೇ ರಾತ್ರಿಗಳು. ಅಕ್ಕಿ ಹಿಟ್ಟು, ಬೆಲ್ಲಗಳಿಂದ ಮಾಡುವ ತಂಬಿಟ್ಟು ಹಬ್ಬದ ವಿಶೇಷ ನೈವೇದ್ಯ. ಉಪವಾಸವಿರುವವರು ಹಣ್ಣು, ಹಾಲುಗಳನ್ನು ಮಾತ್ರ ಸ್ವೀಕರಿಸಿ ಮರುದಿನ ಬೆಳಿಗ್ಗೆ ಪಾರಣೆ ಮಾಡುತ್ತಾರೆ.

ಹಬ್ಬಕ್ಕೂ ಕ್ಷೇತ್ರಕ್ಕೂ ಇರುವ ಸಂಬಂಧ

ಒಂದು ದೇವಾಲಯ ಪ್ರಸಿದ್ಧವಾಗಿರುವ ಮಾತ್ರಕ್ಕೆ ಪ್ರತಿಯೊಂದು ಹಬ್ಬವೂ ಅಲ್ಲಿ ದೊಡ್ಡದಾಗಿ ನಡೆಯುತ್ತದೆಂದು ಭಾವಿಸಲಾಗದು. ಮಾಲೂರು ತಾಲ್ಲೂಕಿನ ಟೇಕಲ್‌ನ ವರದರಾಜಸ್ವಾಮಿ ದೇವಾಲಯ ಮತ್ತು ಅದೇ ತಾಲ್ಲೂಕಿನ ಚಿಕ್ಕತಿರುಪತಿ ವಿಷ್ಣು ಕ್ಷೇತ್ರಗಳು. ಚಿಕ್ಕತಿರುಪತಿಯಲ್ಲಿ ಶ್ರಾವಣ ಶನಿವಾರಗಳು ಮತ್ತು ವೈಕುಂಠ ಏಕಾದಶಿ ವಿಶೇಷ. ಮುಳಬಾಗಿಲಿನ ಬಳಿಯ ಕುರುಡುಮಲೆಗೆ ಗಣೇಶ ಚತುರ್ಥಿಯಂದು ಹೆಚ್ಚು ಭಕ್ತರು ಬರುತ್ತಾರೆ. ಶಿವಕ್ಷೇತ್ರಗಳಲ್ಲಿಯೂ ಈ ವ್ಯತ್ಯಾಸವಿದೆ. ನಂಜನಗೂಡಿನ ದೊಡ್ಡ ಜಾತ್ರೆ ಶಿವರಾತ್ರಿಯಂದು ನಡೆಯದೆ ಫಾಲ್ಗುಣ ಮಾಸದಲ್ಲಿ ನಡೆಯುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಗ್ರಾಮದ ಭೋಗನಂದೀಶ್ವರನ ರಥೋತ್ಸವ ಶಿವರಾತ್ರಿಗೆ ಹೊಂದಿಕೊಂಡೇ ಇರುತ್ತದೆ.

ತಲುಪುವ ಬಗೆ

ಕೋಲಾರವು ಬೆಂಗಳೂರಿನಿಂದ ಸುಮಾರು 68 ಕಿ.ಮೀ. ದೂರದಲ್ಲಿದ್ದು, ಮುಳಬಾಗಿಲು ಅದೇ ಹೆದ್ದಾರಿಯಲ್ಲಿ ಮುಂದಿದೆ. ಅಂತರಗಂಗೆ ಮತ್ತು ಆವಣಿಗೆ ರಸ್ತೆ ಮಾರ್ಗವೇ ಅನುಕೂಲ. ರೈಲಿನಲ್ಲಿ ಬರುವವರಿಗೆ ಬೆಂಗಳೂರು-ಬಂಗಾರಪೇಟೆ ಮಾರ್ಗವಿದ್ದು, ಮಾಲೂರು ಮತ್ತು ಟೇಕಲ್ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ಬಂಗಾರಪೇಟೆಯಿಂದ ಒಂದು ಕವಲು ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂಗೂ ಇನ್ನೊಂದು ಕವಲು ಕೋಲಾರಕ್ಕೂ ಹೋಗುತ್ತದೆ. ಟೇಕಲ್ ಸುತ್ತಮುತ್ತಲಿನವರು ಕಮ್ಮಸಂದ್ರಕ್ಕೆ ಹೋಗಲು ಗಣಿ ಪ್ರದೇಶದವರೆಗೆ ರೈಲಿನಲ್ಲಿ ತೆರಳಿ ಅಲ್ಲಿಂದ ರಸ್ತೆಯಲ್ಲಿ ಮುಂದುವರಿಯಬಹುದು.

ಜಾಗರಣೆ ಮತ್ತು ರಥೋತ್ಸವ ಎರಡನ್ನೂ ನೋಡಲು ಕನಿಷ್ಠ ಒಂದು ರಾತ್ರಿ ಮತ್ತು ಮರುದಿನವನ್ನು ಮೀಸಲಿಡಬೇಕು. ಆವಣಿಯಂತಹ ಸಣ್ಣ ಊರಿನಲ್ಲಿ ವಸತಿ ಸೌಕರ್ಯ ಸೀಮಿತವಾದ್ದರಿಂದ ಮುಳಬಾಗಿಲು ಅಥವಾ ಕೋಲಾರದಲ್ಲಿ ತಂಗುವುದು ಸೂಕ್ತ. ಸಂರಕ್ಷಿತ ಸ್ಮಾರಕಗಳ ಗೋಡೆ ಮತ್ತು ಕಂಬಗಳಿಗೆ ಕುಂಕುಮ, ಎಣ್ಣೆ ಬಳಿಯದಿರುವುದು ಹಾಗೂ ಕಲ್ಯಾಣಿಗಳಿಗೆ ಹೂವು, ಪ್ಲಾಸ್ಟಿಕ್ ಎಸೆಯದಿರುವುದು ಪ್ರತಿಯೊಬ್ಬ ಯಾತ್ರಿಕನ ಕರ್ತವ್ಯವಾಗಿದೆ.